ಎಟ್ನಾ ಇಳಿದ ಬಾಟಲಿ, ಅಡುಗೆಮನೆಯಲ್ಲಿ ಮುಗ್ಗರಿಸಿತು

ಇಟಲಿಯ ಸಿಸಿಲಿ ಎಂದರೆ ಬಿಸಿಲ ದ್ವೀಪ, ಅಲ್ಲಿಯ ರೆಡ್ ವೈನ್ ಎಂದರೆ ಬಿಸಿಲಲ್ಲಿ ಬೆಂದ ದ್ರಾಕ್ಷಿಯದು ಎಂದುಕೊಂಡವರಿಗೆ ಎಟ್ನಾ ಜ್ವಾಲಾಮುಖಿ ಪರ್ವತದ ಉತ್ತರ ಮಗ್ಗುಲು ಚೆನ್ನಾಗಿ ಟೋಪಿ ಹಾಕುತ್ತದೆ. ಕೆಳಗಿನ ಬಯಲಲ್ಲಿ ಆಗಸ್ಟಿಗೇ ಕೊಯ್ಲು ಶುರುವಾದರೂ, ರಂದಾಝೊ ಊರಿನ ಕಡೆಯ 600ರಿಂದ 1,000 ಮೀಟರ್ ಎತ್ತರದ ಇಳಿಜಾರಿನಲ್ಲಿ ನೆರೆಲ್ಲೊ ಮಸ್ಕಾಲೆಸೆ ಎಂಬ ಕಪ್ಪು ದ್ರಾಕ್ಷಿ ಅಕ್ಟೋಬರ್ ನಡುವೆಯೂ 'ಇನ್ನೂ ನಾಲ್ಕು ದಿನ ತಾಳಿ' ಎನ್ನುತ್ತಿರುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ. ಹಾಗಾಗಿ ಹಣ್ಣಿನ ಹುಳಿ ಹಾಗೇ ಉಳಿಯುತ್ತದೆ. 19ನೇ ಶತಮಾನದ ಕೊನೆಗೆ ಯುರೋಪಿನ ತೋಟಗಳ ಬೇರು ತಿಂದು ಮುಗಿಸಿದ ಫಿಲೊಕ್ಸೆರಾ ಎಂಬ ಹೇನಿಗೆ ಇಲ್ಲಿಯ ಕಪ್ಪು ಜ್ವಾಲಾಮುಖಿ ಮರಳಲ್ಲಿ ಬೇಳೆ ಬೇಯಲಿಲ್ಲ. ಅದಕ್ಕೇ ನೂರು ವರ್ಷ ದಾಟಿದ ಬಳ್ಳಿಗಳು ಇವತ್ತಿಗೂ ಕಸಿಯಿಲ್ಲದ ಸ್ವಂತ ಬೇರಿನ ಮೇಲೆ, ಚೆಸ್ಟ್‌ನಟ್ ಮರದ ಗೂಟಕ್ಕೆ ಒರಗಿ, ಒಂದೊಂದೂ ಪೊದೆಯಾಗಿ ನಿಂತಿವೆ. ಲಾವಾ ಕಲ್ಲಿನ ಕಟ್ಟೆಗಳ ನಡುವೆ ಟ್ರ್ಯಾಕ್ಟರ್ ಹೋಗುವುದಿಲ್ಲ, ಕೆಲಸವೆಲ್ಲ ಕೈಯಲ್ಲೇ. 1981ರಲ್ಲಿ ಲಾವಾ ರಂದಾಝೊ ಊರಿನ ಹತ್ತಿರಕ್ಕೇ ಬಂದಿತ್ತು.

ಇಷ್ಟನ್ನೆಲ್ಲ ಗೆದ್ದು ಬಂದ ವೈನ್ ಸೋಲುವುದು ನಮ್ಮ ಅಡುಗೆಮನೆ ಕಟ್ಟೆಯ ಮೇಲೆ, ಕೊನೆಯ ಹತ್ತು ನಿಮಿಷದಲ್ಲಿ.

ಕೆಲವು ಬಾಟಲಿಗಳಿಗೆ ಆ ಹತ್ತು ನಿಮಿಷದ ಭಾಗ್ಯವೂ ಇಲ್ಲ. ಲೇಬಲ್ ಮೇಲಿನ 'ಹಳೆ ಬಳ್ಳಿ' ಎಂಬುದನ್ನು 'ಹಳೆ ವೈನ್' ಎಂದು ಓದಿಕೊಂಡು, ಇಟ್ಟಷ್ಟೂ ಒಳ್ಳೆಯದು ಎಂದು ಮನೆಯವರು ಅದನ್ನು ಫ್ರಿಜ್ಜಿನ ತಲೆಯ ಮೇಲೆ ನಿಲ್ಲಿಸುತ್ತಾರೆ. ಹಳೆಯದು ಗಿಡ, ಸ್ವಾಮಿ, ರಸವಲ್ಲ. ಅಂತರರಾಷ್ಟ್ರೀಯ ದ್ರಾಕ್ಷಿ–ವೈನ್ ಸಂಸ್ಥೆ 2024ರಲ್ಲಿ 35 ವರ್ಷ ದಾಟಿದ್ದು ಹಳೆ ಬಳ್ಳಿ ಎಂದಿತು. ಫ್ರಿಜ್ಜಿನ ತಲೆ ಮನೆಯಲ್ಲೇ ಬಿಸಿ ಜಾಗಗಳಲ್ಲೊಂದು. ನಿಂತೇ ಇದ್ದರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ನಾಲ್ಕು ಬೇಸಿಗೆ ಕಳೆದ ಮೇಲೆ ತೆರೆದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಬಟ್ಟೆ ಬೀರುವಿನ ತಳದಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿಸಿ. ಕುಡಿಯುವ ಹಿಂದಿನ ದಿನ ಎಬ್ಬಿಸಿ ನಿಲ್ಲಿಸಿದರೆ ಚರಟ ತಳಕ್ಕೆ ಇಳಿಯುತ್ತದೆ.

ಇನ್ನು ಕಾರ್ಕ್. ಸ್ಕ್ರೂವಿನ ಮೊನೆಯನ್ನು ನಟ್ಟನಡುವೆ ಚುಚ್ಚುವುದೇ ಮೊದಲ ತಪ್ಪು. ಅದು ಸುರುಳಿ, ಮೊನೆ ನಡುವೆ ಕೂತರೆ ಸುರುಳಿಯ ಮೈ ಪಕ್ಕಕ್ಕೆ ಸರಿದು ಕಾರ್ಕಿನ ಅಂಚು ಹರಿಯುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ಚುಚ್ಚಿ, ನೆಟ್ಟಗೆ ಮಾಡಿ, ಒಂದೇ ಸುತ್ತು ಹೊರಗೆ ಕಾಣುವವರೆಗೆ ತಿರುಗಿಸಬೇಕು. ಮೂರೇ ಸುತ್ತಿಗೆ 'ಸಾಕು' ಎಂದು ಎಳೆದವರ ಕೈಗೆ ಅರ್ಧ ಕಾರ್ಕ್ ಬರುತ್ತದೆ, ಉಳಿದರ್ಧ ಒಳಗೆ ಕೂತು ಅಣಕಿಸುತ್ತದೆ. ಆಗ ಸ್ಕ್ರೂವನ್ನು ಓರೆಯಾಗಿ ಇಳಿಸಿ, ಗಾಜಿನ ಗೋಡೆಗೆ ಒತ್ತಿಕೊಂಡು ನಿಧಾನ ಎಳೆಯಿರಿ. ಬರಲಿಲ್ಲವೋ, ಒಳಗೇ ತಳ್ಳಿ ಸೋಸಿಬಿಡಿ, ವೈನ್ ಕೆಡುವುದಿಲ್ಲ. ಕೆಡಿಸುವುದು ಸೋಸುವ ಜರಡಿ: ಬೆಳಗಿನ ಶುಂಠಿ–ಏಲಕ್ಕಿ ಚಹಾ ಅದರ ಜಾಲರಿಯಲ್ಲಿ ಇನ್ನೂ ಮನೆ ಮಾಡಿಕೊಂಡಿರುತ್ತದೆ. ಕುದಿನೀರು ಸುರಿದು, ಮೂಸಿ ನೋಡಿಯೇ ಬಳಸಿ.

ಲೋಟಕ್ಕೆ ಬಿದ್ದೊಡನೆ ಮುಂದಿನ ದೂರು: "ಇದೇನ್ರೀ, ನೀರು ಬೆರೆಸಿದ್ದಾರಾ?" ನೆರೆಲ್ಲೊದ ಬಣ್ಣವೇ ತೆಳು, ತೊಳೆದ ದಾಳಿಂಬೆ ಕಾಳಿನಂತೆ. ಬಣ್ಣ ನೋಡಿ ನಕ್ಕವರು ಒಂದು ಗುಟುಕು ಕುಡಿದು ಸುಮ್ಮನಾಗುತ್ತಾರೆ, ಏಕೆಂದರೆ ಒಗರು ಹಸಿ ಅಡಿಕೆಯಂತೆ ನಾಲಿಗೆ ಹಿಡಿಯುತ್ತದೆ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರೆ ಮುಗಿಯಿತು: ಆಲ್ಕೋಹಾಲು, ಒಗರು ಎರಡೂ ಖಾರದ ಪರ ವಕಾಲತ್ತು ವಹಿಸುತ್ತವೆ. ಹುರಿದ ಅಣಬೆ, ಖಾರ ಕಮ್ಮಿಯ ಮಟನ್, ಚೀಸು ಇದಕ್ಕೆ ಸರಿಜೋಡಿ.

'ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು' ಎಂಬ ಮಾತಿನ ಕೋಣೆ ಹಳೆಯ ಕಾಲದ ಯುರೋಪಿನದು, ಅಲ್ಲಿ 16–18 ಡಿಗ್ರಿ. ರಾಯಚೂರಿನ ಏಪ್ರಿಲ್ ಕೋಣೆಯಲ್ಲ. 30 ಡಿಗ್ರಿಯಲ್ಲಿ ಮೂಗಿಗೆ ಬರಿ ಸ್ಪಿರಿಟ್ಟು ಹೊಡೆಯುತ್ತದೆ. ಫ್ರಿಜ್ಜಿನಲ್ಲಿ ಸುಮಾರು ಎರಡು ಗಂಟೆ ಇಟ್ಟರೆ 16ರ ಆಸುಪಾಸಿಗೆ ಬರುತ್ತದೆ. ಆತುರವಿದ್ದರೆ ಬಕೆಟ್ಟಿಗೆ ನೀರು, ಐಸು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ, 15 ನಿಮಿಷ ಸಾಕು. ಫ್ರೀಜರಿಗೆ ಇಟ್ಟು ಧಾರಾವಾಹಿ ನೋಡಲು ಕೂರಬೇಡಿ. ಮೈನಸ್ 6ರ ಹತ್ತಿರ ವೈನ್ ಹೆಪ್ಪುಗಟ್ಟತೊಡಗುತ್ತದೆ, ಮನೆಯ ಫ್ರೀಜರ್ ಮೈನಸ್ 18. ಹಿಗ್ಗಿದ ಹೆಪ್ಪು ಕಾರ್ಕನ್ನು ತಾನೇ ತಳ್ಳಿ, ಹಸಿ ಬಟಾಣಿ ಪ್ಯಾಕೆಟ್ಟಿಗೆ ಅಭಿಷೇಕ ಮಾಡಿರುತ್ತದೆ.

ಇಷ್ಟಾದ ಮೇಲೆ ಬಿಳಿ ಪಂಚೆಗೆ ಚೆಲ್ಲದೆ ಇರುತ್ತದೆಯೇ? ಯಾರಾದರೂ ಬಟ್ಟೆ ಸೋಪಿನ ಬಿಲ್ಲೆ ಹಿಡಿದು ಓಡಿ ಬಂದರೆ ತಡೆಯಿರಿ. ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದಿಲ್ಲವೇ, ವೈನಿನ ಬಣ್ಣ ಕ್ಷಾರ ತಾಗಿದರೆ ನೀಲಿ–ಬೂದಿಗೆ ತಿರುಗುತ್ತದೆ. ಎಟ್ನಾದ ಬೂದಿ ಪಂಚೆಯ ಮೇಲೇ ದರ್ಶನ ಕೊಡುತ್ತದೆ. ಉಜ್ಜಬೇಡಿ, ಒಣ ಬಟ್ಟೆಯಿಂದ ಒತ್ತಿ ಹೀರಿ, ಮೇಲೆ ಉಪ್ಪು ಸುರಿಯಿರಿ, ಆಮೇಲೆ ತಣ್ಣೀರು. ಕಲೆ ಉಳಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ 2 ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್ 1 ಚಮಚ ಬೆರೆಸಿ ಅರ್ಧ ಗಂಟೆ ಬಿಡಿ. ಶೇಕಡ 6ರ ಪೆರಾಕ್ಸೈಡ್ ಸಿಕ್ಕರೆ ಮೊದಲು ಅಷ್ಟೇ ನೀರು ಸೇರಿಸಿಕೊಳ್ಳಿ. ಇದು ಬಿಳಿ ಹತ್ತಿಗೆ ಮಾತ್ರ. ರೇಷ್ಮೆ ಸೀರೆಯಾದರೆ ಡ್ರೈಕ್ಲೀನಿಂಗ್ ಅಂಗಡಿ, ಜೊತೆಗೆ ಸೀರೆಯೊಡತಿಗೆ ಕ್ಷಮಾಪಣೆ.

ಉಳಿದ ವೈನನ್ನು ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಫ್ರಿಜ್ಜಿಗಿಟ್ಟರೆ ಮೂರು ದಿನ ತಡೆಯುತ್ತದೆ. ಖಾಲಿ ಜಾಗ ಕಡಿಮೆಯಾದಷ್ಟೂ ಗಾಳಿಯ ಕಾಟ ಕಡಿಮೆ. ದೊಡ್ಡ ಬಾಟಲಿ ಖಾಲಿಯಾದ ಸದ್ದಿಗೇ ಕಾದಿದ್ದ ಅಜ್ಜಿ ಅದನ್ನು ತೊಳೆದು, ಎರಡು ಗಿಣ್ಣು ನೀರಲ್ಲಿ ಮುಳುಗುವಂತೆ ಮನಿ ಪ್ಲಾಂಟ್ ಕಡ್ಡಿ ಇಳಿಸಿಬಿಡುತ್ತಾರೆ. ಗಾಢ ಬಣ್ಣದ ಗಾಜು, ಪಾಚಿ ಕಟ್ಟುವುದು ಕಡಿಮೆ. ವಾರಕ್ಕೊಮ್ಮೆ ನೀರು ಬದಲಿಸಿದರಾಯಿತು. ಈ ಬಳ್ಳಿಗೆ 35 ತುಂಬಲು ಇನ್ನೂ ಸ್ವಲ್ಪ ಕಾಲ ಬೇಕು.