ಬೀರು, ಮಾವ ಮತ್ತು ನ್ಯೂಟನ್

ಸೊಂಟ ಇನ್ನೂ ಹಿಡಿದುಕೊಂಡೇ ಇದೆ. ಹಾಗಾಗಿ ಈ ಬರಹದಲ್ಲಿ ಖಾರ ಸ್ವಲ್ಪ ಜಾಸ್ತಿ ಆದರೆ ಸಹಿಸಿಕೊಳ್ಳಿ.

ಬೀರುವಿನ ಬಾಗಿಲು ಉತ್ತರಕ್ಕೆ ತೆರೆಯಬೇಕಂತೆ, ಆಗಲೇ ದುಡ್ಡು ನಿಲ್ಲುವುದಂತೆ. ಟೀವಿಯಲ್ಲಿ ಯಾರೋ ಹೇಳಿದರು, ನನ್ನ ಹೆಂಡತಿ ಕೇಳಿಸಿಕೊಂಡಳು. ನಾನು ಆಫೀಸಿಗೆ ಹೊರಟು, ಕಾಲುಚೀಲ ಹಾಕಿ ನಿಂತಿದ್ದೆ. "ಒಂದು ನಿಮಿಷದ ಕೆಲಸ ಕಣ್ರೀ" ಎಂದಳು.

ಕಬ್ಬಿಣದ ಬೀರು. ಒಳಗೆ ಮದುವೆಯಾದಾಗಿನಿಂದ ಸೇರಿದ ರೇಷ್ಮೆ ಸೀರೆಗಳು. ಎರಡೂ ಕೈ ಊರಿ, ಉಸಿರು ಕಟ್ಟಿ ತಳ್ಳಿದೆ. ಬೀರು ಅಲ್ಲೇ ಇತ್ತು. ನಾನು ಮಾತ್ರ ನುಣ್ಣನೆ ಟೈಲ್ಸ್ ಮೇಲೆ ಹಿಂದಕ್ಕೆ ಜಾರುತ್ತಾ ಮಂಚದ ತನಕ ಹೋದೆ.

"ಅಳಿಯಂದ್ರೇ, ಮೂರನೇ ನಿಯಮ!"

ಬಾಗಿಲಲ್ಲಿ ಮಾವನವರು, ಕೈಯಲ್ಲಿ ಕಾಫಿ ಲೋಟ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಆದರೆ ರಿಟೈರ್ ಆಗಿರುವ ವಿಷಯ ಅವರಿಗೆ ಯಾರೂ ತಿಳಿಸಿದಂತಿಲ್ಲ. ನಮ್ಮ ಮನೆಯಲ್ಲಿ ಏನೇ ಎಡವಟ್ಟಾದರೂ ಅವರು ಕೈ ಹಾಕುವುದಿಲ್ಲ, ಪಾಠ ಮಾಡುತ್ತಾರೆ. ಮುಚ್ಚಳ ತಿರುಗಿಸಲು ಹೋದರೆ ಉಪ್ಪಿನಕಾಯಿ ಬಾಟಲಿಯೇ ತಿರುಗಿತು, ಪಾಠ. ಪೈಪು ಹಿಡಿದು ಗಿಡಕ್ಕೆ ನೀರು ಬಿಟ್ಟಾಗ ಪೈಪು ಕೈಯಿಂದ ಹಾರಿ ನನಗೇ ಸ್ನಾನ ಮಾಡಿಸಿತು, ಅದಕ್ಕೂ ಪಾಠ.

"ನೀವು ಬೀರುವನ್ನು ಎಷ್ಟು ತಳ್ತೀರೋ ಅಷ್ಟೇ ಅದೂ ನಿಮ್ಮನ್ನ ತಳ್ಳುತ್ತೆ. 1687ರಲ್ಲೇ ನ್ಯೂಟನ್ ಬರೆದಿದಾನೆ. ಕುದುರೆ ಹಗ್ಗ ಕಟ್ಟಿ ಕಲ್ಲನ್ನ ಎಳೆದರೆ, ಕಲ್ಲೂ ಕುದುರೆಯನ್ನ ಅಷ್ಟೇ ಎಳೆಯುತ್ತೆ ಅಂತ."

ಕುದುರೆ ಎನ್ನುವಾಗ ಅವರು ನನ್ನ ಕಡೆಗೇ ನೋಡುತ್ತಿದ್ದರು.

"ಹಾಗಿದ್ರೆ ಎರಡೂ ವಜಾ ಆಗಿ ಯಾವುದೂ ಅಲ್ಲಾಡಬಾರದಲ್ವಾ ಮಾವ?" ಎಂದು ಸುಮ್ನೆ ಕೇಳಿದೆ. ಅವರ ಮುಖ ನೋಡಬೇಕಿತ್ತು! ಕಾಫಿ ಲೋಟ ಕಿಟಕಿಯ ಮೇಲೆ ಹೋಯಿತು. "ಅದೇ ಎಲ್ಲರೂ ತಪ್ಪೋದು! ನಿಮ್ಮ ಬಲ ಬೀರುವಿನ ಮೇಲೆ, ಬೀರುವಿನ ಬಲ ನಿಮ್ಮ ಮೇಲೆ. ಬೇರೆ ಬೇರೆ ವಸ್ತು, ವಜಾ ಹೇಗಾಗುತ್ತೆ? ಇನ್ನೊಂದು, ಪ್ರತಿಕ್ರಿಯೆ ಆಮೇಲೆ ಬರೋದಲ್ಲ, ಅದೇ ಕ್ಷಣಕ್ಕೇ ಇರುತ್ತೆ."

ಇದನ್ನು ಮಾತ್ರ ನಾನು ಒಪ್ಪಲಾರೆ. ನಾನು ಸೋಮವಾರ ಆಡಿದ ಮಾತಿಗೆ ಅವರ ಮಗಳ ಪ್ರತಿಕ್ರಿಯೆ ಬರುವುದು ಯಾರದೋ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ, ಬಡ್ಡಿ ಸಮೇತ.

ಕ್ಲಾಸಿನಲ್ಲಿ ಅವರು ಬಲೂನು ಊದಿ ಬಾಯಿ ಬಿಟ್ಟುಬಿಡುತ್ತಿದ್ದರಂತೆ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ರಾಕೆಟ್ ಹಾರುವುದೂ ಹೀಗೇ ಎನ್ನುವಷ್ಟರಲ್ಲಿ ಹುಡುಗರೆಲ್ಲ ಬೆಂಚು ಹತ್ತಿ ಬಲೂನು ಹಿಡಿಯಲು ಓಡುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. ಈಗ ಇಡೀ ಕ್ಲಾಸಿಗೆ ನಾನೊಬ್ಬನೇ, ಅದೂ ಸೊಂಟ ಹಿಡಿದುಕೊಂಡು ನಿಂತಿರುವ ದಡ್ಡ.

ಅಷ್ಟರಲ್ಲಿ ನೆಲ ಒರೆಸಲು ಬಂದ ಕೆಲಸದಮ್ಮ, "ಕಾಲುಚೀಲ ಬಿಚ್ಚಿ ತಳ್ಳಿ ಸಾರ್" ಎಂದಳು. ಬಿಚ್ಚಿದೆ. ಕಾಲು ನೆಲಕ್ಕೆ ಕಚ್ಚಿತು, ಬೀರು ಕಿರ್ರೆಂದು ಸರಿಯಿತು. "ಘರ್ಷಣೆ! ನೋಡಮ್ಮ, ಇಲ್ಲಿ ಏನಾಯ್ತು ಅಂದ್ರೆ..." ಎಂದು ಮಾವ ಅವಳ ಕಡೆ ತಿರುಗಿದರು. "ನಂಗಿನ್ನೂ ಎರಡು ಮನೆ ಇದೆ" ಎಂದು ಅವಳು ಬಕೆಟ್ ಎತ್ತಿಕೊಂಡು ಹೋಗೇ ಬಿಟ್ಟಳು.

ಬೀರು ಈಗ ಉತ್ತರಕ್ಕೆ ಮುಖ ಮಾಡಿ ನಿಂತಿದೆ. ಪ್ಲಗ್ ಪಾಯಿಂಟ್ ಅದರ ಹಿಂದೆ ಹೋಗಿದೆ. ಮಾವನವರ ಮೊಬೈಲ್ ಚಾರ್ಜರ್ ಆ ಪ್ಲಗ್ಗಿನಲ್ಲೇ ಇದೆ.

"ಅಳಿಯಂದ್ರೇ, ಒಂಚೂರು ಈಚೆಗೆ..."

ಕುದುರೆಗೆ ಆಫೀಸಿಗೆ ಲೇಟಾಗಿದೆ ಎಂದು ಹೇಳಿ ಹೊರಟೆ.