ಸ್ಪಷ್ಟನೆ: ಜರ್ಮನಿಯ ಅವಶೇಷಗಳನ್ನೆಲ್ಲ ಹೆಂಗಸರೇ ತೆಗೆದರಾ?

‘1945ರಲ್ಲಿ ಗಂಡಸರೇ ಉಳಿದಿರಲಿಲ್ಲ, ಬಾಂಬ್‌ಗೆ ಕುಸಿದ ಜರ್ಮನಿಯನ್ನೆಲ್ಲ ಹೆಂಗಸರು ಬರಿಗೈಲಿ ತೆರವು ಮಾಡಿದರು’ ಎಂಬ ಬರಹ ಫೋಟೊ ಸಮೇತ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಹೆಂಗಸರು ದುಡಿದದ್ದು ಹೌದು, ಅದರಲ್ಲೂ ಬರ್ಲಿನ್‌ನಲ್ಲಿ. ಸಾಲಾಗಿ ನಿಂತು ಬಕೆಟ್ ದಾಟಿಸುತ್ತಿದ್ದರು. ಹಳೇ ಇಟ್ಟಿಗೆಗೆ ಅಂಟಿದ ಗಾರೆಯನ್ನು ಸುತ್ತಿಗೆಯಿಂದ ಕೆರೆದು, ಮತ್ತೆ ಬಳಸಲು ಜೋಡಿಸಿಡುತ್ತಿದ್ದರು. ಈ ಕೆಲಸಕ್ಕೆ ರೇಷನ್ ಸ್ವಲ್ಪ ಜಾಸ್ತಿ ಸಿಗುತ್ತಿತ್ತು. ಹಸಿದ ಊರಲ್ಲಿ ಅದು ಸಣ್ಣ ವಿಷಯವಲ್ಲ.

ಆದರೆ ಇತಿಹಾಸಕಾರ್ತಿ ಲಿಯೋನಿ ಟ್ರೆಬರ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಬರ್ಲಿನ್‌ನಲ್ಲೂ ಈ ಕೆಲಸ ಮಾಡಿದ್ದು ಸುಮಾರು 60,000 ಹೆಂಗಸರು. ಅಲ್ಲಿನ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಶೇ. 5ರಷ್ಟು ಮಾತ್ರ. ಪಶ್ಚಿಮದ ಊರುಗಳಲ್ಲಿ ಇನ್ನೂ ಕಡಿಮೆ. ಹೆಚ್ಚಿನ ಭಾಗ ತೆಗೆದದ್ದು ಕಟ್ಟಡ ಕಂಪನಿಗಳು, ಅವುಗಳ ಯಂತ್ರಗಳು. ಮಾಜಿ ನಾಜಿ ಸದಸ್ಯರನ್ನೂ ಶಿಕ್ಷೆಯಾಗಿ ದುಡಿಸಿದರು.

ಈ ಕಥೆಯಲ್ಲಿ ಪೂರ್ತಿ ಮರೆಯಾಗುವವರು ಬೇರೆಯೇ ಇದ್ದಾರೆ. ಯುದ್ಧ ನಡೆಯುತ್ತಿದ್ದಾಗಲೇ ಅವಶೇಷ ಎತ್ತಲು ಯುದ್ಧಕೈದಿಗಳನ್ನು, ಜೀತದಾಳುಗಳನ್ನು, ಯಾತನಾ ಶಿಬಿರದ ಕೈದಿಗಳನ್ನು ಹಚ್ಚಿದ್ದರು. ಅವರ ಬಗ್ಗೆ ಆ ಬರಹದಲ್ಲಿ ಒಂದು ಸಾಲೂ ಇಲ್ಲ. ನನಗೆ ಬೇಸರವಾಗಿದ್ದು ಇದೇ. ಹಂಚುವವರು ದಯವಿಟ್ಟು ಇವರನ್ನೂ ಸೇರಿಸಿ.