ಸತ್ಯಾಂಶ: ಹ್ಯಾಡಿಕ್ಸ್ ಸೋತಿದ್ದು 3-0 ಅಲ್ಲ, 1-0

"12 ಇನ್ನಿಂಗ್ಸ್ ಪರ್ಫೆಕ್ಟ್ ಆಗಿ ಪಿಚ್ ಮಾಡಿದ ಹಾರ್ವಿ ಹ್ಯಾಡಿಕ್ಸ್ ಕೊನೆಗೆ ಹೋಮ್ ರನ್ ಬಿಟ್ಟು 3-0 ಸೋತ್ರು, ಆದ್ರೂ ರೆಕಾರ್ಡ್‌ನಲ್ಲಿ ಅದು ಪರ್ಫೆಕ್ಟ್ ಗೇಮೇ" ಅಂತ ಬೇಸ್‌ಬಾಲ್ ಬಗ್ಗೆ ಒಂದು ಫಾರ್ವರ್ಡ್ ಓಡಾಡ್ತಾ ಇದೆ. ಪರ್ಫೆಕ್ಟ್ ಗೇಮ್ ಅಂದ್ರೆ ಪಿಚರ್ (ಬಾಲ್ ಎಸೆಯೋರು) ಆಟ ಪೂರ್ತಿ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ ಮುಟ್ಟೋಕೆ ಬಿಡದೆ ಗೆಲ್ಲೋದು. ಮೊದಲನೇ ಭಾಗ ನಿಜ, ಮಿಕ್ಕಿದ್ದು ತಪ್ಪು.

1959ರ ಮೇ 26, ಅಮೆರಿಕದ ಮಿಲ್ವಾಕಿ. ಪಿಟ್ಸ್‌ಬರ್ಗ್ ಪೈರೇಟ್ಸ್ ಪಿಚರ್ ಹ್ಯಾಡಿಕ್ಸ್ ಬ್ರೇವ್ಸ್ ಟೀಮಿನ 36 ಬ್ಯಾಟರ್‌ಗಳನ್ನ ಸಾಲಾಗಿ ಔಟ್ ಮಾಡಿದ್ರು, ಒಬ್ಬರೂ ಫಸ್ಟ್ ಬೇಸ್ ಮುಟ್ಟಲಿಲ್ಲ. ಇಂಥ ಪಿಚಿಂಗ್ ನೆನೆಸಿಕೊಂಡ್ರೇ ಮೈ ಜುಮ್ ಅನ್ನುತ್ತೆ. 13ನೇ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಫೀಲ್ಡರ್ ಡಾನ್ ಹೋಕ್ ಥ್ರೋ ತಪ್ಪಿ ಬ್ರೇವ್ಸ್‌ನ ಮಂಟಿಯಾ ಬೇಸ್‌ಗೆ ಬಂದ್ರು, ಅವರ ಟೀಮಿನ ಮ್ಯಾಥ್ಯೂಸ್ ಬಂಟ್ ಮಾಡಿ (ಬಾಲನ್ನ ಮೆಲ್ಲಗೆ ತಟ್ಟಿ) ಮಂಟಿಯಾನ ಸೆಕೆಂಡ್‌ಗೆ ತಳ್ಳಿದ್ರು, ಹ್ಯಾಂಕ್ ಆರನ್‌ಗೆ ಹ್ಯಾಡಿಕ್ಸ್ ಬೇಕಂತಲೇ ವಾಕ್ (ಹೊಡೆಯದೇ ಫಸ್ಟ್ ಬೇಸ್‌ಗೆ ಹೋಗೋ ಅವಕಾಶ) ಕೊಟ್ರು, ಆಮೇಲೆ ಜೋ ಆಡ್ಕಾಕ್ ಬಾಲನ್ನ ಬೇಲಿ ದಾಟಿಸಿಬಿಟ್ರು.

ಹಾಗಾದ್ರೆ ಬೇಸ್‌ನಲ್ಲಿದ್ದ ಇಬ್ಬರು, ಹೊಡೆದವರು ಸೇರಿ 3 ರನ್ ಬರಬೇಕಿತ್ತಲ್ವಾ? ಇಲ್ಲೇ ಎಡವಟ್ಟಾಗಿದ್ದು. ಮ್ಯಾಚ್ ಮುಗೀತು ಅಂದ್ಕೊಂಡು ಆರನ್ ದಾರಿ ಬಿಟ್ಟು ಡಗೌಟ್ ಕಡೆ ನಡೆದ್ರು, ಹಿಂದೆ ಓಡಿ ಬರ್ತಿದ್ದ ಆಡ್ಕಾಕ್ ಅವರನ್ನ ದಾಟಿದ್ರು, ರೂಲ್ ಪ್ರಕಾರ ಆಡ್ಕಾಕ್ ಔಟ್. ಆಮೇಲೆ ಲೀಗ್ ಅಧ್ಯಕ್ಷ ವಾರೆನ್ ಗೈಲ್ಸ್ ಆ ಹೊಡೆತವನ್ನ ಹೋಮ್ ರನ್ ಅಲ್ಲ, ಬರೀ ಡಬಲ್ (ಸೆಕೆಂಡ್ ಬೇಸ್ ತನಕದ ಹೊಡೆತ) ಅಂತ ಲೆಕ್ಕ ಹಾಕಿ ಮಂಟಿಯಾ ರನ್ ಒಂದನ್ನೇ ಉಳಿಸಿದ್ರು: 1-0.

ಪರ್ಫೆಕ್ಟ್ ಗೇಮ್ ಪಟ್ಟಿಯಲ್ಲೂ ಇದಿಲ್ಲ. 1991ರಲ್ಲಿ ಮೇಜರ್ ಲೀಗ್ ವ್ಯಾಖ್ಯೆ ಬಿಗಿ ಮಾಡಿ, ಕೊನೇ ತನಕ ಹಿಟ್ (ಬ್ಯಾಟರ್ ಹೊಡೆದು ಬೇಸ್ ಸೇರೋದು) ಬಿಡದೆ ಮುಗಿದ ಆಟ ಮಾತ್ರ ನೋ-ಹಿಟರ್ ಅಂತು, ಹಾಗಾಗಿ ಅದೂ ಕೈತಪ್ಪಿತು.

ಎದುರಾಳಿ ಪಿಚರ್ ಲೂ ಬರ್ಡೆಟ್ ಅವರನ್ನ ಈ ಫಾರ್ವರ್ಡ್ ಪೂರ್ತಿ ಮರೆತಿದೆ. ಅವರು 12 ಹಿಟ್ ಬಿಟ್ರೂ 13 ಇನ್ನಿಂಗ್ಸ್‌ನಲ್ಲಿ ಒಂದು ರನ್ನೂ ಕೊಡಲಿಲ್ಲ, ಗೆದ್ದಿದ್ದು ಅವರೇ.